ಗ್ಯಾನಪ್ಪ ಗದ್ದೆಗಿಳಿದದ್ದು

ನವಲಿಯ ಮಾರೆವ್ವನಿಗೆ ಗ್ಯಾನಪ್ಪ ತಮ್ಮನೂ ಹೌದು, ಅಳಿಯನೂ ಹೌದು. ತಾಯಿ ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ. ಅದೇ ಊರಿನ ವಿರುಪಣ್ಣನನ್ನು ಮದುವೆಯಾಗಿ ಎರಡು ಓಣಿ ಆಚೆಗೆ ಹೋಗಿದ್ದ ಮಾರೆವ್ವ, ತವರಿಗೂ ಗಂಡನ ಮನೆಗೂ ನಡುವೆ ಓಡಾಡುತ್ತಲೇ ಅವನನ್ನು ಬೆಳೆಸಿದಳು. ತನಗೆ ಚೊಚ್ಚಲ ಮಗಳು ಉಡಚಮ್ಮ ಹುಟ್ಟಿದ ದಿನವೇ, "ಇಕಿ ನಮ್ಮ ಗ್ಯಾನ್ಯಾನಕಿ" ಎಂದು ಸೂಲಗಿತ್ತಿಯ ಎದುರು ಹೇಳಿಬಿಟ್ಟಿದ್ದಳು. ಮುಂದೆ ಅವನು ಮಿಲಿಟ್ರಿ ಸೇರಿದ. ಸೇತುವೆ ಕಟ್ಟುವ, ದಾರಿ ಮಾಡುವ, ನೆಲದೊಳಗೆ ಬಾಂಬು ಹುಗಿಯುವ, ಹುಗಿದದ್ದನ್ನು ತೆಗೆಯುವ ಪಡೆ ಅವನದು. ರಜೆಗೆ ಬಂದಾಗ ಹೇಳಿದಂತೆಯೇ ಮಗಳನ್ನು ಅವನಿಗೆ ಕೊಟ್ಟು ಮದುವೆ ಮಾಡಿದಳು. ಮರು ವರ್ಷದ ಚಳಿಗಾಲದಲ್ಲಿ ಪಾಕಿಸ್ತಾನದ ಮೇಲೆ ಯುದ್ಧ ಆಯಿತು.

ಯುದ್ಧ ಬೇಗ ಮುಗಿಯಿತು. ಗ್ಯಾನಪ್ಪ ಮಾತ್ರ ಬೇಗ ಬರಲಿಲ್ಲ. ಎಪ್ಪತ್ಮೂರರಲ್ಲಿ, ಆರೋಗ್ಯ ಸರಿಯಿಲ್ಲ ಎಂಬ ಕಾರಣಕ್ಕೆ ಪಡೆಯಿಂದ ಬಿಡುಗಡೆಯಾಗಿ, ಕಬ್ಬಿಣದ ಟ್ರಂಕು ಹೊತ್ತು ಬಸ್ಸಿಳಿದ. ಮಾರೆವ್ವ ಅವನ ಮೈಯನ್ನೆಲ್ಲ ತಡವಿ ನೋಡಿದಳು. ಎಲ್ಲೂ ಗಾಯವಿರಲಿಲ್ಲ. ಕೈಕಾಲು ನೆಟ್ಟಗಿದ್ದವು. "ಮತ್ತ ಏನಾತಂತೋ ನಿನಗ?" ಎಂದು ಕೇಳಿದರೆ, "ಏನಿಲ್ಲಕ್ಕ" ಎಂದು ನೆಲ ನೋಡಿದ.

ಆ ನೆಲ ನೋಡುವುದೇ ಅವನ ಬೇನೆಯೆಂದು ತಿಳಿಯಲು ಒಂದು ಬೆಳೆಯ ಕಾಲ ಹಿಡಿಯಿತು. ತುಂಗಭದ್ರಾ ಕಾಲುವೆಯ ನೀರು ಹರಿದ ಮೇಲೆ ಅವರ ಎರೆಹೊಲ ಭತ್ತದ ಗದ್ದೆಯಾಗಿತ್ತು. ಅದರೊಳಗೆ ಗ್ಯಾನಪ್ಪ ಒಂದು ದಿನವೂ ಕಾಲಿಡಲಿಲ್ಲ. ಡಾಂಬರು ರಸ್ತೆಯ ಮೇಲೆ ನಡೆಯುತ್ತಿದ್ದ, ಕಲ್ಲು ಹಾಸಿದ ಓಣಿಯಲ್ಲಿ ನಡೆಯುತ್ತಿದ್ದ. ಮಣ್ಣು ಮೆತ್ತಗಿದ್ದಲ್ಲಿ ನಿಂತುಬಿಡುತ್ತಿದ್ದ. ನೇಗಿಲು ಹೊಡೆದ ಹೊಲದ ಪಕ್ಕ ಹಾಯ್ದು ಹೋಗಬೇಕಾದರೆ ಅಂಗಿ ಬೆವರಿನಲ್ಲಿ ತೊಯ್ದು ಹೋಗುತ್ತಿತ್ತು. ಒಮ್ಮೆ ಮಾರೆವ್ವ ಅವನೊಂದಿಗೆ ಹಿತ್ತಿಲಿಗೆ ಹೊರಟಾಗ ಅವಳ ತೋಳು ಹಿಡಿದು ಹಿಂದಕ್ಕೆ ಜಗ್ಗಿದ.

"ಅಕ್ಕಾ, ನೀ ಹಿಂದ ಬಾ. ನಾ ಹೆಜ್ಜಿ ಇಟ್ಟಲ್ಲೇ ಇಡು."

ಊರವರು ಮೊದಲು ಮಿಲಿಟ್ರಿಯವನೆಂದು ಕಟ್ಟೆಯ ಮೇಲೆ ಜಾಗ ಬಿಟ್ಟುಕೊಟ್ಟಿದ್ದರು. ಆಮೇಲೆ, ಸರಕಾರದ ಊಟ ಉಂಡು ಮೈ ಬಗ್ಗದಂತಾಗಿದೆ ಎಂದು ಆಡಿಕೊಳ್ಳತೊಡಗಿದರು. ಹಾಗೆ ಆಡಿದವರೊಂದಿಗೆ ಮಾರೆವ್ವ ನಡು ಓಣಿಯಲ್ಲಿ ನಿಂತು ಜಗಳ ತೆಗೆದಳು. ಮನೆಗೆ ಬಂದು ಒಬ್ಬಳೇ ಅತ್ತಳು.

ಮೊದಲು ಹೋದದ್ದು ಊರ ಹೊರಗಿನ ದರ್ಗಾಕ್ಕೆ. ಅಲ್ಲಿ ದೀಪ ಹಚ್ಚುತ್ತಿದ್ದ ಮುದುಕಿ ಲಾಲಬೀ, ಗ್ಯಾನಪ್ಪನ ತಲೆಯ ಮೇಲೆ ನವಿಲುಗರಿ ಆಡಿಸಿ, ಲೋಬಾನದ ಹೊಗೆ ಹಿಡಿದು, ತೋಳಿಗೆ ತಾಯಿತ ಕಟ್ಟಿದಳು. "ಅಂಜಿಕಿ ಬಂದಾಗ ಇದನ್ನ ಮುಟ್ಟಿಕೋ ಬೇಟಾ" ಎಂದಳು. ಅವನು ಮುಟ್ಟಿಕೊಂಡ. ಮುಟ್ಟಿಕೊಂಡಾಗಲೆಲ್ಲ ಉಸಿರು ಹಗುರಾಗುತ್ತದೆ ಎಂದ. ಆ ವರ್ಷವೇ ಉಡಚಮ್ಮನಿಗೆ ಹೆಣ್ಣು ಮಗು ಹುಟ್ಟಿದಾಗ, ದರ್ಗಾದ ಸಂತ ಫಕೀರಸಾಬನ ಹೆಸರಿನಲ್ಲಿ ಫಕೀರಮ್ಮ ಎಂದು ಕರೆದರು. ಆದರೆ ತಾಯಿತ ತೋಳಿನಲ್ಲಿದ್ದರೂ ಅವನು ಗದ್ದೆಗೆ ಇಳಿಯಲಿಲ್ಲ.

ಆಗ ಮಾರೆವ್ವ ಹುಲಿಗೆಮ್ಮನಿಗೆ ಹರಕೆ ಹೊತ್ತಳು. ತನ್ನ ತಮ್ಮ ಗ್ಯಾನಪ್ಪ ಹೊಳೆಯಲ್ಲಿ ಮಿಂದು ಗುಡಿಯವರೆಗೆ ದೀಡ ನಮಸ್ಕಾರ ಹಾಕುತ್ತಾನೆ, ತಾಯಿ, ಅವನನ್ನು ಮೊದಲಿನಂತೆ ಮಾಡು ಎಂದು.

ಒಂದು ಮಂಗಳವಾರ ಉಡಚಮ್ಮನೂ ಸೇರಿ ಮೂವರು ಹುಲಿಗಿಗೆ ಹೋದರು. ಹೊಳೆಯ ದಂಡೆ ಜನರಿಂದ ತುಂಬಿತ್ತು. ದೀಡ ನಮಸ್ಕಾರವೆಂದರೆ ಒದ್ದೆ ಬಟ್ಟೆಯಲ್ಲಿ ನೆಲದ ಮೇಲೆ ಉದ್ದಕ್ಕೆ ಬೋರಲು ಮಲಗಿ, ಚಾಚಿದ ಕೈಯ ತುದಿಗೆ ಕೋಲಿನಿಂದ ಗೆರೆ ಎಳೆದು, ಎದ್ದು, ಆ ಗೆರೆಯ ಮೇಲೆ ನಿಂತು ಮತ್ತೆ ಮಲಗುವುದು. ಗ್ಯಾನಪ್ಪ ಬಂಡೆಯ ಮೇಲಿನಿಂದ ಶುರು ಮಾಡಿದ. ಮಾರೆವ್ವ ತಂಬಿಗೆಯಿಂದ ಅವನ ಬೆನ್ನಿಗೆ ನೀರು ಹನಿಸುತ್ತ ಪಕ್ಕದಲ್ಲಿ ನಡೆದಳು. "ಉಧೋ ಉಧೋ" ಎಂದು ಜನ ಕೂಗುತ್ತಿದ್ದರು. ಅವನೂ ಕೂಗಿದ. ಎಷ್ಟೋ ದಿನದ ಮೇಲೆ ಅವನ ದನಿ ಅಷ್ಟು ಗಟ್ಟಿಯಾಗಿ ಕೇಳಿ ಅವಳೂ ದನಿ ಕೂಡಿಸಿದಳು.

ಬಂಡೆ ಮುಗಿದು ಉಸುಕಿನ ದಾರಿ ಬಂದಲ್ಲಿ ಅವನು ಮಲಗಿದ, ಏಳಲಿಲ್ಲ.

ಗೆರೆ ಎಳೆಯಬೇಕಾದ ಕೋಲನ್ನು ಓರೆಯಾಗಿ ಹಿಡಿದು, ಉಸುಕಿನೊಳಗೆ ಮೆಲ್ಲಗೆ ಚುಚ್ಚಿದ. ತೆಗೆದ. ನಾಲ್ಕು ಬೆರಳು ಆಚೆಗೆ ಮತ್ತೆ ಚುಚ್ಚಿದ. ಬೆರಳ ತುದಿಯಿಂದ ಉಸುಕನ್ನು, ಮಗುವಿನ ಮುಖದ ಮೇಲಿನ ಧೂಳು ಒರೆಸುವಷ್ಟು ಹಗುರಾಗಿ, ಸರಿಸಿದ. ಹಿಂದಿನಿಂದ ನಮಸ್ಕಾರ ಹಾಕುತ್ತ ಬರುತ್ತಿದ್ದವನೊಬ್ಬ ಅವನನ್ನು ದಾಟಿ ಹೋಗಲು ಎದ್ದಾಗ, ಗ್ಯಾನಪ್ಪ ಚೀರಿದ. "ರುಕೋ! ಹಿಲೋ ಮತ್! ಯಾರೂ ಅಲುಗಾಡಬ್ಯಾಡ್ರಿ!"

ಅಮ್ಮ ಮೈಮೇಲೆ ಬಂದಳೆಂದು ಜನ ಸುತ್ತುವರಿದರು. ಯಾರೋ ಅವನ ಹಣೆಗೆ ಭಂಡಾರ ಹಚ್ಚಿದರು. ಮಾರೆವ್ವನಿಗೆ ಮಾತ್ರ ಇದು ಅಮ್ಮನಲ್ಲ ಎಂದು ಅವನ ಕಣ್ಣು ನೋಡಿದ ಕೂಡಲೇ ಗೊತ್ತಾಯಿತು. ತಂಬಿಗೆ ಕೆಳಗಿಟ್ಟು, ಸೀರೆ ಉಸುಕಾಗುವುದನ್ನೂ ಲೆಕ್ಕಿಸದೆ ಅವನ ಪಕ್ಕದಲ್ಲೇ ಬೋರಲು ಮಲಗಿದಳು.

"ಏನೈತೋ ಗ್ಯಾನ್ಯಾ ಅಲ್ಲಿ?"

"ಬಾಂಬ್ ಅದಾವಕ್ಕ. ನಾವ ಹುಗಿದಿದ್ವಿ. ಮಳಿಗೆ ಸರದು ಹೋಗ್ಯಾವ, ನಕಾಶೆದಾಗ ಇದ್ದಲ್ಲಿ ಇಲ್ಲ."

"ಯಾರ ಹೊಲ ಇದು?"

"ಗೋಧಿ ಹೊಲ. ಪಂಜಾಬದ ರೈತರು ಎತ್ತು ಹಿಡಕೊಂಡು ರಸ್ತೆದಾಗ ನಿಂತಾರ. ಯಾವಾಗ ಬಿತ್ತಬೇಕು ಅಂತ ದಿನಾ ಕೇಳ್ತಾರ." ಅವನ ಹಲ್ಲು ಕಟಕಟ ಅನ್ನುತ್ತಿದ್ದವು. "ಓಬಳೆಪ್ಪ ನನ್ನ ಬಾಜೂಕ ಇದ್ದ. ಯಲಬುರ್ಗಾ ಕಡಿಯಾಂವ. ನೀರು ಕುಡೀತೀನಿ ಅಂತ ಎದ್ದ ಅಕ್ಕಾ. ಎದ್ದು ಒಂದ ಹೆಜ್ಜಿ ಹಿಂದಕ ಇಟ್ಟ."

ಮಾರೆವ್ವ ಅವನ ತಲೆಯನ್ನು ಎದೆಗೊತ್ತಿಕೊಂಡು, ಆಮೇಲೆ ಉಡಚಮ್ಮನ ನೆರವಿನಿಂದ ಎಬ್ಬಿಸಿ ಬಂಡೆಗೆ ಕರೆತಂದಳು. ಉಳಿದ ದಾರಿಯ ನಮಸ್ಕಾರವನ್ನು ಅವನ ಬದಲು ತಾನೇ ಹಾಕಿದಳು.

ಅಲ್ಲಿಂದ ಬಂದ ಮೇಲೆ ಗ್ಯಾನಪ್ಪ ಹಗುರಾದ. ಹೊಟ್ಟೆ ತುಂಬ ಉಂಡ. ಮಗಳನ್ನು ಹೆಗಲ ಮೇಲೆ ಹೊತ್ತು ಓಣಿಯಲ್ಲಿ ತಿರುಗಿದ. ಅಮ್ಮ ಕಣ್ಣು ತೆರೆದಳು ಎಂದು ಮಾರೆವ್ವ ಮನೆಮನೆಗೆ ಹೇಳಿಕೊಂಡು ಬಂದಳು. ಆದರೆ ಮಳೆಗಾಲ ಬಂದು ನೆಲ ಮೆತ್ತಗಾದೊಡನೆ ಎಲ್ಲ ಮರಳಿ ಬಂತು, ಮೊದಲಿಗಿಂತ ಹೆಚ್ಚಾಗಿ ಬಂತು. ಒಂದು ಮಧ್ಯಾಹ್ನ ಉಡಚಮ್ಮ ಮಗುವನ್ನು ಎತ್ತಿಕೊಂಡು ತವರಿಗೆ ಬಂದಳು. ಮಗುವಿನ ನಡುವಿನ ಸುತ್ತ ಕೆಂಪಗೆ ಬರೆ ಎದ್ದಿತ್ತು.

"ಹೊರಸಿನ ಕಾಲಿಗೆ ಕಟ್ಟಿ ಹಾಕ್ಯಾನವ್ವಾ. ಅಂಗಳಕ್ಕ ಇಳೀತೈತಿ, ಸಾಯ್ತೈತಿ ಅಂತ. ಬಿಚ್ಚಾಕ ಹೋದ್ರ ನನ್ನೂ ನೂಕಿದ."

ವಿರುಪಣ್ಣ ಹೆಚ್ಚು ಮಾತಾಡುವವನಲ್ಲ. ಅಂದು ಮಾತಾಡಿದ. "ಮಗಳು ಇನ್ನ ಇಲ್ಲೇ ಇರ್ಲಿ. ನಿನ್ನ ತಮ್ಮನ್ನ ಏನ್ ಮಾಡ್ತಿ, ನೀ ನೋಡ್ಕೊ."

ಮಾರೆವ್ವ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ತಮ್ಮನ ಕಡೆ ನಿಂತರೆ ಮಗಳಿಗೆ ಅನ್ಯಾಯ, ಮಗಳ ಕಡೆ ನಿಂತರೆ ತಮ್ಮ ಉಳಿಯುವುದಿಲ್ಲ. ಇಬ್ಬರನ್ನೂ ಒಂದೇ ಗಂಟಿಗೆ ಕಟ್ಟಿದವಳು ತಾನೇ. ಗಂಗಾವತಿಯ ಸರಕಾರಿ ದವಾಖಾನೆಯ ಡಾಕ್ಟರು ಹಿಂದೊಮ್ಮೆ ಧಾರವಾಡದ ಹೆಸರು ಹೇಳಿದ್ದರು. ಹುಚ್ಚರ ಆಸ್ಪತ್ರೆ ಎಂದು ಆಗ ಅವಳು ಸಿಟ್ಟಿನಿಂದ ಎದ್ದು ಬಂದಿದ್ದಳು. ಈಗ ಕೊಪ್ಪಳಕ್ಕೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ರೈಲು ಹಿಡಿದು, ಗ್ಯಾನಪ್ಪನನ್ನು ಅಲ್ಲಿಗೇ ಕರೆದುಕೊಂಡು ಹೋದಳು. ಅವನು ಮರುಮಾತಿಲ್ಲದೆ ಬಂದ. ಮಗುವಿನ ಮೈಮೇಲಿನ ಬರೆಯನ್ನು ಅವನೂ ನೋಡಿದ್ದ.

ಧಾರವಾಡದಲ್ಲಿ ಗುಳಿಗೆ ಕೊಟ್ಟರು. ಕೆಲವು ಸಲ ತಲೆಗೆ ಕರೆಂಟು ಹಿಡಿದರು. ಮಾರೆವ್ವ ಹೊರಗೆ ಬೇವಿನ ಗಿಡದ ಕೆಳಗೆ ಕುಳಿತು ಹುಲಿಗೆಮ್ಮನನ್ನು ನೆನೆಯುತ್ತಿದ್ದಳು. ಗುಣವಾಗಲಿಲ್ಲ ಎನ್ನುವಂತಿಲ್ಲ. ವರ್ಷಗಳಿಂದ ನಿದ್ದೆಯಲ್ಲಿ ಚೀರುತ್ತಿದ್ದವನು ಬೆಳಗಿನವರೆಗೆ ಮಲಗತೊಡಗಿದ. ಮಗುವನ್ನು ಕಟ್ಟಲಿಲ್ಲ, ಹೆಂಡತಿಯನ್ನು ನೂಕಲಿಲ್ಲ. ಉಡಚಮ್ಮ ಮನೆಗೆ ಮರಳಿದಳು. ಆದರೆ ಅವನ ಮುಖದ ಮೇಲಿನ ಹೊಳಪನ್ನೂ ಯಾರೋ ಒರೆಸಿ ಹಾಕಿದಂತಿತ್ತು. ಕೈ ನಡುಗುತ್ತಿತ್ತು, ನಾಲಿಗೆ ಒಣಗುತ್ತಿತ್ತು. ಕಟ್ಟೆಯ ಮೇಲೆ ಕುಳಿತರೆ ಎಬ್ಬಿಸುವವರೆಗೆ ಕುಳಿತೇ ಇರುತ್ತಿದ್ದ. ಗದ್ದೆಯ ಮಾತು ಎತ್ತಿದರೆ, "ಆಮ್ಯಾಲೆ" ಎನ್ನುತ್ತಿದ್ದ. ಹೀಗೆಯೇ ಮೂರ್ನಾಲ್ಕು ವರ್ಷ ಹೋದವು.

ಎಂಬತ್ತನೇ ಇಸವಿಯ ಒಂದು ಭೇಟಿಯಲ್ಲಿ, ಹಳೆಯ ಡಾಕ್ಟರ ಜಾಗಕ್ಕೆ ಯಲಿಗಾರ ಎಂಬ ಹೊಸಬರು ಬಂದಿದ್ದರು. ಬೆಂಗಳೂರಿನಲ್ಲಿ ಕಲಿತು ಬಂದ ಎಳೆ ವಯಸ್ಸಿನವರು. ಗುಳಿಗೆ ಬರೆದುಕೊಟ್ಟು ಕಳಿಸುವ ಬದಲು, ಮನೆಯಲ್ಲಿ ಏನೇನು ಮಾಡಿ ನೋಡಿದಿರಿ ಎಂದು ಕೇಳಿದರು. ಬೈಯುತ್ತಾರೆಂದುಕೊಂಡೇ ಮಾರೆವ್ವ ತಾಯಿತದ್ದೂ ಹುಲಿಗಿಯದ್ದೂ ಹೇಳಿದಳು. ದೀಡ ನಮಸ್ಕಾರದ ಮಾತು ಬಂದಾಗ ಅವರು ಪೆನ್ನು ಕೆಳಗಿಟ್ಟರು.

"ಅವತ್ತ ಉಸುಕಿನಾಗ ಅಂವಗ ಅಂಜಿಕಿ ಬಂದಾಗ ನೀವೇನ್ ಮಾಡಿದ್ರಿ, ಅಮ್ಮಾರ?"

"ಎಬ್ಬಿಸಿ ಬಂಡೆಗಲ್ಲಿನ ಮ್ಯಾಲೆ ಕರಕೊಂಡು ಬಂದೆ. ಮತ್ತೇನ್ ಮಾಡ್ಲಿರೀ? ಸಾಯ್ತಿದ್ದ ಅಂವ."

"ಯಾರಿದ್ರೂ ಹಂಗ ಮಾಡ್ತಿದ್ರು. ಆದ್ರ ಬಾಯಿ ಬಿಟ್ಟದ್ದು ಅಲ್ಲೇ, ನೋಡ್ರಿ. ಮೊದಲನೇ ಸಲ ಓಬಳೆಪ್ಪನ ಹೆಸರು ಹೇಳಿದ್ದು ಅಲ್ಲೇ. ಅಂಜಿಕಿ ಏರಿದ ಕೂಡ್ಲೆ ಅಲ್ಲಿಂದ ಓಡಿದ್ರ, ಓಡಿದ್ದಕ್ಕ ಉಳಿದೆ ಅಂತ ಮನಸ್ಸು ಕಲಿತೈತಿ. ಓಡದ ಅಲ್ಲೇ ನಿಂತ್ರ ಅಂಜಿಕಿ ತಾನ ಇಳೀತೈತಿ. ಇಳಿಯೂತನ ನಿಲ್ಲಬೇಕು. ಒಮ್ಮಿಗೇ ಅಲ್ಲ, ಇವತ್ತ ಬದುವಿನ ಮ್ಯಾಲೆ, ಇನ್ನೊಂದಿನ ಕಾಲು ನೀರಾಗ, ಹಂಗ. ಆ ದಿನದ ಸುದ್ದೀನೂ ಹೇಳ್ಸಬೇಕು. ಬೇಸರಿಲ್ಲದ ಮತ್ತ ಮತ್ತ ಕೇಳಬೇಕು."

"ಸತ್ತವನ ಸುದ್ದಿ ದಿನಾ ಕೇಳಿ ಇದ್ದವನ್ನ ಕೊಲ್ಲೂದೇನ್ರಿ?"

"ಇದು ಹೊಸಾ ಪದ್ಧತಿ, ಅಮ್ಮಾರ. ನೀರಿಗೆ ಅಂಜೋರಿಗೆ, ಗದ್ದಲಕ್ಕ ಅಂಜೋರಿಗೆ ಮಾಡಿ ನೋಡೇನಿ, ಛಲೋ ಆಗ್ಯಾರ. ಸಿಪಾಯಿಗಳಿಗೆ ನಾ ಇನ್ನೂ ಮಾಡಿಲ್ಲ. ಆಗೇ ಆಗ್ತೈತಿ ಅಂತ ಹೇಳಿದ್ರ ಸುಳ್ಳಾಗ್ತೈತಿ. ಗುಳಿಗಿ ಬಿಡಬ್ಯಾಡ್ರಿ, ಮೆಲ್ಲಕ ಕಡಿಮಿ ಮಾಡೂಣು."

"ತಾಯಿತ ಬಿಚ್ಚಬೇಕೇನ್ರಿ?"

"ಬ್ಯಾಡ. ಇರ್ಲಿ. ಗದ್ದಿಗೆ ಇಳಿದಾಗ ಅಷ್ಟ ಅದನ್ನ ಹಿಡಕೊಳ್ಳೂದು ಬ್ಯಾಡ, ಅದೂ ಓಡಿದಂಗ ಆಗ್ತೈತಿ."

ಗ್ಯಾನಪ್ಪ ಇಷ್ಟೂ ಹೊತ್ತು ಗೋಡೆ ನೋಡುತ್ತಿದ್ದ. ಹೊರಗೆ ಬಂದ ಮೇಲೆ ಒಂದೇ ಮಾತು ಹೇಳಿದ: "ನೋಡೂಣಕ್ಕ."

ನಾಟಿಯ ಕಾಲ ಬಂದಾಗ ಮಾರೆವ್ವ ಅವನನ್ನು ಗದ್ದೆಯ ಬದುವಿಗೆ ಕರೆದೊಯ್ದಳು. ನಾಲ್ಕೈದು ದಿನ ಬದುವಿನ ಮೇಲೆ ಸುಮ್ಮನೆ ಕುಳಿತರು. ಆಮೇಲೆ ಕಾಲು ಇಳಿಬಿಟ್ಟು ನೀರಿನಲ್ಲಿ ಅದ್ದಿಸಿದಳು. ಅವನ ಕಾಲು ಸೆಟೆದುಕೊಂಡವು, ಮುಖ ಬೂದಿಯ ಬಣ್ಣಕ್ಕೆ ತಿರುಗಿತು, ಕೈ ತಾಯಿತಕ್ಕೆ ಹೋಯಿತು. "ಅಕ್ಕಾ" ಎಂದ. ಅಮ್ಮನಿಲ್ಲದ ಕೂಸಾಗಿದ್ದಾಗ ಕರೆಯುತ್ತಿದ್ದ ದನಿ ಅದು. ಮಾರೆವ್ವನಿಂದ ಆಗಲಿಲ್ಲ. ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತಿ, ರಸ್ತೆಗೆ ಎಳೆದುಕೊಂಡು ಬಂದಳು. ಮರುದಿನವೂ ಹಾಗೆಯೇ ಆಯಿತು. ಮೂರನೆಯ ದಿನ ಅವನು ಮನೆಯಿಂದಲೇ ಹೊರಡಲಿಲ್ಲ.

ಆ ಸಂಜೆ ಉಡಚಮ್ಮ ರೊಟ್ಟಿ ಬಡಿಯುತ್ತ ತಲೆ ಎತ್ತದೆ ಹೇಳಿದಳು. "ಅವ್ವಾ, ನಾಳಿಂದ ನೀ ಬರಬ್ಯಾಡ."

"ಯಾಕ?"

"ನಿನಗ ಅಂವ ಕೂಸು. ಕೂಸು ಅತ್ರ ಎತ್ತಿಕೊಳ್ತಿ. ನನಗ ಗಂಡ. ನಾ ನಿಲ್ಲಿಸ್ತೀನಿ."

ಮಾರೆವ್ವನಿಗೆ ಕೆನ್ನೆಗೆ ಹೊಡೆದಂತಾಯಿತು. ಈ ಮಗಳು ಇಷ್ಟು ವರ್ಷ ಏನನ್ನೂ ಕೇಳಿದವಳಲ್ಲ; ತವರಿಗೆ ಬಂದಾಗಲೂ, ಮರಳಿ ಹೋಗುವಾಗಲೂ ತಾನು ಹೇಳಿದಂತೆ ಕೇಳಿದವಳು. "ನಿನ್ನ ಇಚ್ಛಾ" ಎಂದು ಎದ್ದು ಹೋದಳು.

ಬರಬೇಡ ಎಂದಿದ್ದರೂ ಮನಸ್ಸು ತಡೆಯಲಿಲ್ಲ. ಮರುದಿನ ಕಾಲುವೆಯ ಸೇತುವೆಯ ಮೇಲೆ, ಅವರಿಗೆ ಕಾಣದಂತೆ ನಿಂತಳು. ಉಡಚಮ್ಮ ಸೀರೆ ಎತ್ತಿ ಕಟ್ಟಿ ಗದ್ದೆಗೆ ಇಳಿದಳು. ಮೊಣಕಾಲವರೆಗೆ ಕೆಸರಿನಲ್ಲಿ ಅತ್ತ ಇತ್ತ ನಡೆದಾಡಿದಳು. ಆಮೇಲೆ ಬದುವಿನ ಹತ್ತಿರ ಬಂದು ಕೈ ಚಾಚಿದಳು. ಚಿಕ್ಕಂದಿನಿಂದ ಕರೆಯುತ್ತಿದ್ದಂತೆ ಈಗಲೂ ಅವನನ್ನು ಮಾಮಾ ಎಂದೇ ಕರೆಯುತ್ತಿದ್ದಳು.

"ಇಳಿ ಮಾಮಾ."

ಅವನು ಇಳಿದ. ಹಿಮ್ಮಡಿ ಮುಳುಗುವಷ್ಟು ಕೆಸರಿನಲ್ಲಿ ನಿಂತು ಗಡಗಡ ನಡುಗಿದ. ಬದುವಿನ ಕಡೆ ತಿರುಗಿದ. ಉಡಚಮ್ಮ ಅವನ ಎರಡೂ ಮಣಿಕಟ್ಟು ಹಿಡಿದಳು. ಸೇತುವೆಯ ಮೇಲೆ ಮಾರೆವ್ವ ಕೈಗೋಡೆಯ ಕಲ್ಲನ್ನು ಅವುಚಿಕೊಂಡಳು. ಅವನು ಅಳುತ್ತಿದ್ದ. ಮಗಳು ಬಿಡಲಿಲ್ಲ. ಸುತ್ತಲಿನ ಗದ್ದೆಯ ಹೆಣ್ಣಾಳುಗಳು ಬಗ್ಗಿದವರು ಬಗ್ಗಿದಂತೆಯೇ ತಿರುಗಿ ನೋಡುತ್ತಿದ್ದರು. ಉಡಚಮ್ಮನಿಗೆ ಅವರ ಪರಿವೆಯೇ ಇದ್ದಂತಿರಲಿಲ್ಲ.

"ಓಬಳೆಪ್ಪ ಹೆಂಗಿದ್ದ, ಹೇಳು."

ಅವನು ಏನು ಹೇಳಿದನೋ ಸೇತುವೆಗೆ ಕೇಳಿಸಲಿಲ್ಲ. ಹೇಳುತ್ತಿದ್ದ ಎಂಬುದಷ್ಟೇ ಕಾಣುತ್ತಿತ್ತು. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಅವನ ಭುಜಗಳು ಕೆಳಗಿಳಿದವು. ಉಡಚಮ್ಮ ಮಣಿಕಟ್ಟು ಬಿಟ್ಟಳು, ಅವನು ಓಡಲಿಲ್ಲ. ನಿಂತಲ್ಲೇ, ದಣಿದ ಎತ್ತಿನಂತೆ, ನಿಂತಿದ್ದ. ಮಾರೆವ್ವ ಕೈಗೋಡೆಯ ಕಲ್ಲು ಬಿಟ್ಟು ಮನೆಯ ದಾರಿ ಹಿಡಿದಳು.

ದಿನವೂ ಅದೇ ನಡೆಯಿತು. ಉಡಚಮ್ಮ ಸಸಿ ಹಚ್ಚುತ್ತ ಹೋಗುವಳು, ಅವನು ಪಕ್ಕದಲ್ಲಿ ನಿಂತು ಅದೇ ಸುದ್ದಿ ಹೇಳುವನು. ಮೊದಮೊದಲು, ಎದ್ದ, ಹೆಜ್ಜೆ ಇಟ್ಟ, ಸತ್ತ, ಇಷ್ಟೇ ಇತ್ತು. ಹೇಳುತ್ತ ಹೇಳುತ್ತ ಉಳಿದದ್ದೆಲ್ಲ ಬಂತು: ಓಬಳೆಪ್ಪ ಹಾಡು ಗುನುಗುತ್ತಿದ್ದುದು, ಏಳಬೇಡ ಎಂದು ತಾನು ಕೂಗಿದ್ದು, ಅವನು ತಿರುಗಿ ನಕ್ಕದ್ದು, ಸದ್ದಾದ ಮೇಲೆ ತಾನು ಅವನ ಹತ್ತಿರ ಹೋಗಲಾಗದೆ, ನಡುವಿನ ನೆಲವನ್ನು ಗೇಣು ಗೇಣು ಚುಚ್ಚಿ ನೋಡುತ್ತ ತೆವಳಿದ್ದು, ತಲುಪುವಷ್ಟರಲ್ಲಿ ಅವನು ಹೋಗಿದ್ದು. ಇದನ್ನು ಉಡಚಮ್ಮ ತಾಯಿಗೆ ಒಂದೇ ಸಲ ಹೇಳಿದಳು. ಹೇಳಿ, ಸೆರಗಿನಿಂದ ಮುಖ ಒರೆಸಿಕೊಂಡು ಎಮ್ಮೆಗೆ ಹುಲ್ಲು ಹಾಕಲು ಹೋದಳು.

ಒಂದು ದಿನ ಗ್ಯಾನಪ್ಪ ಬಗ್ಗಿ, ತೇಲುತ್ತಿದ್ದ ಸಸಿಯ ಕಟ್ಟೊಂದನ್ನು ಎತ್ತಿ ಹೆಂಡತಿಯ ಕೈಗೆ ಕೊಟ್ಟ. ಮುಂದಿನ ಬೆಳೆಗೆ ತಾನೇ ಕೆಸರು ಹದ ಮಾಡಿದ.

ಪೂರ್ತಿ ಗುಣವಾದನೇ? ಇಲ್ಲ. ನೀರು ನಿಂತ ಗದ್ದೆಗೆ ಇಳಿಯುತ್ತಿದ್ದ. ಹೊಸದಾಗಿ ನೇಗಿಲು ಹೊಡೆದ ಒಣ ಹೊಲಕ್ಕೆ ಕೊನೆಗೂ ಇಳಿಯಲಿಲ್ಲ. ಅಂಥ ಹೊಲವನ್ನು ಬೇರೆಯವರಿಗೆ ಪಾಲಿಗೆ ಕೊಟ್ಟರು. ಚಳಿಗಾಲ ಬಂದರೆ ನಾಲ್ಕಾರು ದಿನ ಮಾತು ಬಿಡುತ್ತಿದ್ದ. ಗುಳಿಗೆ ಒಂದಕ್ಕಿಳಿಯಿತು, ಆ ಒಂದು ಹಾಗೆಯೇ ಉಳಿಯಿತು. ಒಮ್ಮೆ ಯಾರಿಗೂ ಮೊದಲೇ ಹೇಳದೆ ಯಲಬುರ್ಗಾಕ್ಕೆ ಹೋಗಿ ಓಬಳೆಪ್ಪನ ತಾಯಿಯನ್ನು ಕಂಡು ಬಂದ. ಅಲ್ಲಿ ಏನಾಯಿತೆಂದು ಅಕ್ಕನಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಅವರೂ ಕೇಳಲಿಲ್ಲ.

ಎಂಬತ್ತೆಂಟರ ಬೇಸಿಗೆಯಲ್ಲಿ ಶ್ರೀರಾಮನಗರದಿಂದ ಆದೆಪ್ಪ ಎಂಬ ಕೂಲಿಯವನೊಬ್ಬ ಮಾರೆವ್ವನನ್ನು ಹುಡುಕಿಕೊಂಡು ಬಂದ. ಅವನ ಮಗ ಸಿಂಹಳಕ್ಕೆ ಹೋದ ಪಡೆಯಲ್ಲಿದ್ದು ಊರಿಗೆ ಬಂದಿದ್ದ. ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತಾನೆ, ಬಾಗಿಲಲ್ಲಿ ಯಾರ ನೆರಳು ಬಿದ್ದರೂ ಎದ್ದು ನಿಲ್ಲುತ್ತಾನೆ ಎಂದ. ಹೇಳುವಾಗ ಟವೆಲನ್ನು ಹಿಂಡುತ್ತಿದ್ದ.

"ನಿಮ್ಮ ತಮ್ಮಗ ಯಾವುದರಿಂದ ಛಲೋ ಆತ್ರೀ ಅವ್ವಾ? ಹುಲಿಗೆಮ್ಮನಿಂದನೋ, ದರ್ಗಾದಿಂದನೋ, ಧಾರವಾಡದಿಂದನೋ? ಒಂದು ಹೇಳ್ರಿ, ಅಲ್ಲಿಗೇ ಒಯ್ತೀನಿ."

ಮಾರೆವ್ವ ಎಷ್ಟೋ ಸಲ ತನ್ನನ್ನು ತಾನೇ ಕೇಳಿಕೊಂಡ ಮಾತದು.

"ಒಂದು ಅಂತ ಹೆಂಗ್ ಹೇಳ್ಲಿಪಾ? ಲಾಲಬೀ ಉಸಿರು ಕೊಟ್ಟಳು. ಹುಲಿಗ್ಯಾಗ ಬಾಯಿ ಬಿಟ್ಟ. ಧಾರವಾಡದ ಗುಳಿಗಿ ನಿದ್ದಿ ಕೊಟ್ಟವು. ಆ ಹೊಸಾ ಡಾಕ್ಟರು ದಾರಿ ತೋರಿಸಿದ್ರು. ಆ ದಾರಿ ನನ್ನ ಕೈಲಿಂದ ನಡೀಲಿಲ್ಲ, ನನ್ನ ಮಗಳು ನಡಸಿದಳು. ಇಷ್ಟ ನನಗ ಗೊತ್ತಿರೂದು. ನೀ ಮೊದಲ ಧಾರವಾಡಕ್ಕ ಹೋಗು. ತಡಾ ಮಾಡಬ್ಯಾಡ, ನಾವು ಭಾಳ ತಡಾ ಮಾಡಿದ್ವಿ. ಆಮ್ಯಾಲೆ ನಿಮ್ಮ ದೇವರಿದ್ದಲ್ಲಿಗೂ ಹೋಗಿ ಬಾ."

ಒಳಗಿನಿಂದ ಗ್ಯಾನಪ್ಪ ಬಂದು ಕಟ್ಟೆಯ ಅಂಚಿಗೆ ಕುಳಿತ. ತಲೆಗೂದಲು ಬಿಳಿಯಾಗಿತ್ತು. ಮಾತೆಲ್ಲ ಕೇಳಿಸಿಕೊಂಡಿದ್ದ.

"ನಿನ್ನ ಮಗ ಏನಾರ ಹೇಳ್ಯಾನೇನು, ಅಲ್ಲಿ ನಡೆದದ್ದು?"

"ಏನೂ ಇಲ್ರಿ. ಕೇಳಿದ್ರ ಏನಿಲ್ಲ ಅಂತಾನ."

ಗ್ಯಾನಪ್ಪ ತಲೆಯಾಡಿಸಿದ. ಒಳಗೆ ಹೋಗಿ ಗೂಟದ ಮೇಲಿನ ಅಂಗಿ ತೆಗೆದು ತೊಟ್ಟುಕೊಂಡ. "ಗಂಗಾವತಿ ಬಸ್ಸಿಗೆ ಇನ್ನೂ ಹೊತ್ತೈತಿ. ನಾನೂ ಬರ್ತೀನಿ. ಸುಮ್ನ ಅಂವನ ಬಾಜೂಕ ಕುಂದ್ರತೀನಿ. ಇವತ್ತ ಮಾತಾಡ್ಲಿಲ್ಲಂದ್ರ ಇನ್ನೊಮ್ಮಿ ಬರ್ತೀನಿ."

ಮಾರೆವ್ವ ಇಬ್ಬರಿಗೂ ತಾಟು ಇಟ್ಟು, ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಆದೆಪ್ಪ ಎರಡು ತುತ್ತು ತಿನ್ನುವಷ್ಟರಲ್ಲಿ ಅಳತೊಡಗಿದ. ಗ್ಯಾನಪ್ಪ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, "ಉಣ್ಣು" ಎಂದ.